ಅಂದಾನೆಪ್ಪನ ಸರ್ಪಸುತ್ತು

ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡ ಅಂದಾನೆಪ್ಪನಿಗೆ ತನ್ನ ಮುಖದ ಮೇಲೆ ಒಂದು ಕೆಂಪು ಬಳೆ ಕಂಡಿತು. ಹಣೆಯಿಂದ ಹೊರಟು, ಕಣ್ಣಿನ ಬದಿಯಿಂದ ಇಳಿದು, ಕೆನ್ನೆಯ ಮೇಲೆ ಹಾದು, ಮೀಸೆಯ ಹತ್ತಿರ ಬಂದು ಕೂಡಿಕೊಂಡಿತ್ತು. ಯಾರೋ ಕಾದ ತಂಬಿಗೆಯ ಬಾಯಿಯನ್ನು ಮುಖಕ್ಕೆ ಒತ್ತಿ ಹಿಡಿದ ಹಾಗೆ. ಬಳೆಯ ಒಳಗಿನ ಎರಡು ಕಣ್ಣೂ ಕೆಂಪಾಗಿದ್ದವು.

ಅವನಿಗೆ ಗಾಬರಿಯಾಗಲಿಲ್ಲ. ಇದು ಅಪರೂಪದ ಸಂಗತಿ. ಬೆಕ್ಕು ಸೀನಿದರೂ ಗಾಬರಿಯಾಗುವ ಮನುಷ್ಯ ಅವನು. ಆದರೆ ಈ ಬಳೆ ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಅದನ್ನು ಹೆಂಡತಿಗೆ ಹೇಳಬೇಕೆಂದು ನಿನ್ನೆಯಿಂದ ಅವನ ಹೊಟ್ಟೆ ಉಬ್ಬುತ್ತಿತ್ತು.

ನಿನ್ನೆ ಅಂದಾನೆಪ್ಪ ಸಮುದ್ರದ ತಳ ನೋಡಿ ಬಂದಿದ್ದ.

ಅವನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ಸಮುದ್ರದ ಜೀವಿಗಳ ಅಭ್ಯಾಸ ಮಾಡುವ ಸಾಹೇಬರೊಬ್ಬರು ತಮ್ಮ ದೋಣಿಗೆಂದು ಡಿಪೋದಿಂದ ಸಾಗುವಾನಿ ಹಲಗೆ ತರಿಸಿಕೊಂಡಿದ್ದರು. ಕುಂಬಾರವಾಡದ ಕಡೆಯ ಡ್ರೈವರ್ ಕಾಯತಾನನ ಲಾರಿಯಲ್ಲಿ ಹಲಗೆಯ ಜೊತೆಗೆ ಅಂದಾನೆಪ್ಪನೂ ಘಟ್ಟ ಇಳಿದು ಕಾರವಾರಕ್ಕೆ ಹೋದ. ಹಲಗೆ ಮುಟ್ಟಿದ್ದಕ್ಕೆ ಸಹಿ ಹಾಕಬೇಕಾದ ಸಾಹೇಬರು ದಂಡೆಯಲ್ಲಿರಲಿಲ್ಲ. ಅತ್ತ ನಡುಗಡ್ಡೆಯ ಹತ್ತಿರ ದೋಣಿಯಲ್ಲಿದ್ದಾರೆ ಎಂದರು. ಬೇರೆ ಕಾರಕೂನನಾದರೆ ಚಹಾ ಕುಡಿದು ಕೂತಿರುತ್ತಿದ್ದ. ಸಹಿ ಬೀಳುವವರೆಗೆ ಅಂದಾನೆಪ್ಪನ ಗಂಟಲಿನಿಂದ ಚಹಾ ಇಳಿಯುವುದಿಲ್ಲ. ಕಾಯತಾನನನ್ನು ಕಟ್ಟಿಕೊಂಡು ಇನ್ನೊಂದು ದೋಣಿ ಹತ್ತಿ ಹೋದ. ಹೋದರೆ ಸಾಹೇಬರು ದೋಣಿಯಲ್ಲೂ ಇರಲಿಲ್ಲ. ನೀರಿನ ಕೆಳಗಿದ್ದರು.

ಬೆನ್ನಿಗೆ ಹವಾದ ಸಿಲಿಂಡರು, ಮುಖಕ್ಕೆ ಗಾಜಿನ ಮುಸುಕು ಹಾಕಿಕೊಂಡು, ಹೊಂಡದಿಂದ ಎದ್ದ ಎಮ್ಮೆಯ ಹಾಗೆ ಮೇಲೆ ಬಂದ ಸಾಹೇಬರು ಒದ್ದೆ ಕೈಯಿಂದಲೇ ಸಹಿ ಹಾಕಿ, "ಇಷ್ಟು ದೂರ ಬಂದೀರಿ, ನೀವೂ ಒಮ್ಮೆ ಇಳಿದು ನೋಡ್ರಿ" ಎಂದರು. ಸಮುದ್ರವೆಂದರೆ ಅಂದಾನೆಪ್ಪನಿಗೆ ಪ್ರಾಣಭಯ. ಆದರೆ ಸಾಹೇಬರಿಗೆ ಇಲ್ಲವೆನ್ನುವುದು ಅದಕ್ಕಿಂತ ದೊಡ್ಡ ಭಯ. ಹೀಗೆ ಬರೇ ಹೆದರಿಕೆಯಿಂದಲೇ ಸಮುದ್ರಕ್ಕಿಳಿದ ಮನುಷ್ಯ ಈ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು. "ಆಗಾಗ ಮೂಗಿನಿಂದ ಉಸಿರು ಬಿಡ್ರಿ, ಇಲ್ಲಾಂದ್ರ ಈ ಗಾಜು ಮುಖಾ ಕಚ್ಚಿ ಹಿಡೀತದ" ಎಂದು ಸಾಹೇಬರು ಹೇಳಿಯೇ ಇದ್ದರು. ಕೈ ಹಿಡಿದು ಎರಡಾಳುದ್ದ ಕೆಳಗೆ ಕರೆದುಕೊಂಡು ಹೋದ ಮೇಲೆ ಅಂದಾನೆಪ್ಪನಿಗೆ ತನಗೊಂದು ಮೂಗು ಇದೆ ಎಂಬುದೇ ಮರೆತುಹೋಯಿತು.

ಅವನಿಗೆ ಗೊತ್ತಿದ್ದ ಮೀನೆಂದರೆ ಸಂತೆಯ ಒಣಮೀನು. ಅದನ್ನೂ ಮೂಗು ಮುಚ್ಚಿಕೊಂಡು ದೂರದಿಂದ ನೋಡಿದ್ದು. ಇಲ್ಲಿ ನೋಡಿದರೆ ಅರಿಸಿನದಂಥ ಹಳದಿ ಮೀನಿಗೆ ನೀಲಿ ಪಟ್ಟಿ. ಒಂದರ ರೆಕ್ಕೆ ನವಿಲಿನ ಗರಿಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಇಳಕಲ್ ಸೀರೆಯ ಸೆರಗನ್ನು ತುಂಡು ತುಂಡು ಮಾಡಿ ನೀರಿಗೆ ಬಿಟ್ಟ ಹಾಗೆ ಕೆಂಪು-ಬಿಳಿ ಮೀನಿನ ಹಿಂಡು. ಗಿಳಿಯಂಥ ಹಸಿರು ಮೈಯ, ಗಿಳಿಯಂಥದ್ದೇ ಕೊಕ್ಕಿನ ಮೀನೊಂದು ಕಲ್ಲನ್ನು ಕಟಂ ಕಟಂ ಕಡಿಯುತ್ತಿತ್ತು, ಅಜ್ಜಿ ಅಡಿಕೆ ಕತ್ತರಿಸಿದ ಹಾಗೆ. ಆ ಸದ್ದು ನೀರಿನಲ್ಲೂ ಕೇಳುತ್ತಿತ್ತು. ಹೂವೆಂದು ತಿಳಿದು ಅವನು ಬೆರಳು ಚಾಚಿದ್ದು ಹೂವಲ್ಲ. ಅದು ಥಟ್ಟನೆ ಮುದುಡಿಕೊಂಡು ತನ್ನೊಳಗೇ ಹೋಗಿಬಿಟ್ಟಿತು. ಜಗತ್ತಿನಲ್ಲಿ ತನಗಿಂತ ಅಂಜುಬುರುಕ ಜೀವ ಇನ್ನೊಂದಿದೆ ಎಂದು ಅಂದಾನೆಪ್ಪನಿಗೆ ಮೊದಲ ಸಲ ಗೊತ್ತಾಯಿತು. ಅವನ ಕಣ್ಣು ತುಂಬಿ ಬಂದವು. ಗಾಜಿನ ಒಳಗೆ ಒರೆಸಿಕೊಳ್ಳಲು ಬರುವಂತಿರಲಿಲ್ಲ.

ರಾತ್ರಿ ಮನೆಗೆ ಬಂದಾಗ ಕರೆಂಟಿರಲಿಲ್ಲ. ಇಂಥ ಮಾತನ್ನು ಚಿಮಣಿ ಬೆಳಕಿನಲ್ಲಿ ಹೇಳಬಾರದು, ಬೆಳಿಗ್ಗೆ ಸಾವಕಾಶವಾಗಿ ಹೇಳಬೇಕೆಂದು ಅವನು ಸುಮ್ಮನಿದ್ದ. ಅವನ ಮಾತನ್ನು ಕೊನೆಯವರೆಗೆ ಕೇಳುವವರು ಲೋಕದಲ್ಲಿ ಒಬ್ಬರೇ, ಅವನ ಹೆಂಡತಿ ಸತ್ತೆವ್ವ.

ಚಹಾದ ಬಟ್ಟಲು ಕೆಳಗಿಟ್ಟು ಸತ್ತೆವ್ವ, ಅವನ ಮುಖ ನೋಡದೆ ತಲೆ ತಗ್ಗಿಸಿಯೇ ಅಂದಳು: "ರೀ, ಒಂದು ಮಾತು ಹೇಳೋದೈತಿ."

"ನಾನೂ ಒಂದು ಹೇಳೋದೈತಿ."

"ಹಂಗಾರ ನೀವ ಹೇಳ್ರಿ ಮೊದಲ."

"ಬ್ಯಾಡ ಬ್ಯಾಡ, ನೀ ಹೇಳು."

ಇಲ್ಲಿಯೇ ಅವನು ಕೆಟ್ಟ.

ಸತ್ತೆವ್ವ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು, ಗೋಡೆಯ ಕಡೆ ತಿರುಗಿ, ಗೋಡೆಗೆ ಹೇಳಿದ ಹಾಗೆ ಹೇಳಿದಳು. ಮದುವೆಯಾಗಿ ಏಳು ವರ್ಷಕ್ಕೆ ಅವರ ಮನೆಯಲ್ಲಿ ತೊಟ್ಟಿಲು ಕಟ್ಟುವ ಕಾಲ ಬಂದಿತ್ತು. ಅಂದಾನೆಪ್ಪನ ಕೈಯಲ್ಲಿನ ಚಹಾ ತೊಡೆಯ ಮೇಲೆ ಚೆಲ್ಲಿತು. ಸುಟ್ಟದ್ದೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಸಕ್ಕುಬಾಯಿ, ಬಾಗಿಲು ಬಡಿಯುವ ರೂಢಿಯಿಲ್ಲದವಳು, ಸಕ್ಕರೆಯ ವಾಟಿ ಹಿಡಿದು ಒಳಗೆ ಬಂದಳು. ಸತ್ತೆವ್ವನನ್ನು ದವಾಖಾನೆಗೆ ಕರೆದುಕೊಂಡು ಹೋದವಳೇ ಅವಳು.

"ತಗೋರಿ ಭಾವೋಜಿ, ಬಾಯಿ ಸೀ ಮಾಡ್ರಿ. ಹಳಿಯಾಳಕ್ಕ ಸತ್ತೆವ್ವನ ಅವ್ವಗ ಮೊದಲನೇ ಬಸ್ಸಿನ ಕಂಡಕ್ಟರ ಕಡೆ ಸುದ್ದಿ ಕಳಿಸೇನಿ. ಇನ್ನ ಮುಂದ ನೀವು ನೆಟ್ಟಗಿರಬೇಕು, ತಿಳೀತೇನು? ಬಸುರಿ ಗಂಡ ಹೆಣಕ್ಕ ಹೆಗಲ ಕೊಡಬಾರದು. ಹಸೀ ಗಿಡಾ ಕಡೀಬಾರದು. ಸಮುದ್ರದಾಗ ಮುಳುಗಬಾರದು. ಮುಳುಗಿದ್ರ ಕೂಸಿಗೆ ಭಾರ."

ಹೆಣದ ಮಾತಿಗೆ ಅಂದಾನೆಪ್ಪ ತಲೆಯಾಡಿಸಿದ. ಗಿಡದ ಮಾತಿಗೆ, ತಾನು ಕಡಿಯುವವನಲ್ಲ, ಕಡಿದದ್ದನ್ನು ಅಳೆಯುವವನು ಮಾತ್ರ ಎಂದು ಸಮಾಧಾನ ಮಾಡಿಕೊಂಡ. ಮೂರನೆಯ ಮಾತಿಗೆ ಅವನ ಬಾಯಲ್ಲಿದ್ದ ಸಕ್ಕರೆ ಉಪ್ಪಾಯಿತು.

ರಾತ್ರಿ ಕಾಲೇಜಿನಲ್ಲಿ ಓದಿದ ಅವನ ಅರ್ಧ ತಲೆ, "ಇದೆಲ್ಲ ಸುಳ್ಳು" ಎಂದಿತು. ಉಳಿದರ್ಧ, "ಇದ್ದರೆ?" ಎಂದಿತು. ಇನ್ನೂ ದೊಡ್ಡ ಚಿಂತೆ ಬೇರೆಯೇ ಇತ್ತು. ಅತ್ತೆ ಶಿವಗಂಗವ್ವ ಅವನ ಸೋದರತ್ತೆಯೂ ಹೌದು, ಅಪ್ಪನ ತಂಗಿ. ಅವಳ ಹಿರಿಯ ಮಗಳು ಬಸುರಿಯಿದ್ದಾಗ ಆ ಅಳಿಯ ಹಿತ್ತಲಿನ ಮಾವಿನ ಕೊಂಬೆಯೊಂದನ್ನು ಕಡಿದನೆಂದು, ಅವತ್ತೇ ಮಗಳನ್ನು ಹಳಿಯಾಳಕ್ಕೆ ಎಳೆದುಕೊಂಡು ಹೋಗಿ, ಹೆರಿಗೆಯಾಗುವವರೆಗೆ ಗಂಡನಿಗೆ ಮುಖ ತೋರಿಸಿರಲಿಲ್ಲ. ಕೊಂಬೆಗೆ ಇಷ್ಟಾದರೆ ಸಮುದ್ರಕ್ಕೆ ಎಷ್ಟು? ಸತ್ತೆವ್ವ ಇಲ್ಲದ ಮನೆಯಲ್ಲಿ ಒಂದು ಸಂಜೆ ಕಳೆಯುವುದೇ ಅವನಿಗೆ ಕಷ್ಟ. ಈಗಂತೂ, ಈ ಸುದ್ದಿಯಾದ ಮೇಲೆ, ಅವಳನ್ನು ಬಿಟ್ಟು ಒಂದು ದಿನವೂ ಇರುವುದು ಅವನಿಂದಾಗದ ಮಾತು.

"ನೀವೇನೋ ಹೇಳ್ತೇನಿ ಅಂದ್ರೆಲ್ಲ?" ಸತ್ತೆವ್ವ ಕೇಳಿದಳು.

"ಏನಿಲ್ಲ... ಹಲಗಿ ಮುಟ್ಟಿದ್ವು ಅಂತ."

ಅಷ್ಟರಲ್ಲಿ ಸಕ್ಕುಬಾಯಿಯ ಕಣ್ಣು ಅವನ ಮುಖದ ಮೇಲೆ ಬಿತ್ತು. ವಾಟಿ ಕೆಳಗೆ ಬಿತ್ತು.

"ಅಗಬಾಯೀ! ಭಾವೋಜಿ, ಮಾರಿ ಮ್ಯಾಲ ಏನಿದು?"

"ಲಾರಿಯೊಳಗ... ಟ್ಯೂಬಿನ ಮ್ಯಾಲ ಮಾರಿ ಇಟ್ಟು ಮಲಗಿದ್ದೆ."

"ಟ್ಯೂಬು ಮಾರಿಗೆ ಇಷ್ಟು ಚಂದ ಸುತ್ತು ಹಾಕತೈತೇನು? ಇದು ನಾಗೀಣ! ನಿಮ್ಮೊಳಗ ಸರ್ಪಸುತ್ತು ಅಂತಾರಲ್ಲ, ಅದ. ನನ್ನ ಮೈದುನಗ ಸೊಂಟಕ್ಕ ಆಗಿತ್ತು. ಹೆಡಿ ಬಾಲಾ ಕೂಡಿದ್ರ ಮನಶಾ ಉಳಿಯೋದಿಲ್ಲ." ಅವಳು ಹತ್ತಿರ ಬಂದು, ಮೀಸೆಯ ಹತ್ತಿರ ಬಗ್ಗಿ ನೋಡಿ, ಎದೆ ಹಿಡಿದುಕೊಂಡಳು. "ಕೂಡ್ಯಾವು!"

ಸತ್ತೆವ್ವ ಅಳಲು ಶುರು ಮಾಡಿದಳು. ಅಂದಾನೆಪ್ಪನಿಗೆ ನಾಲಿಗೆಯ ತುದಿಗೆ ನಿಜ ಬಂದಿತ್ತು. ಅದನ್ನು ಸಕ್ಕರೆಯ ಜೊತೆ ನುಂಗಿ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಹೊರಬಿದ್ದ.

ಮೊದಲು ಓಡಿದ್ದು ಲಾರಿ ನಿಲ್ಲುವಲ್ಲಿಗೆ. ಸೂಪಾದ ಆಣೆಕಟ್ಟಿಗೆ ಸಿಮೆಂಟು ಒಯ್ಯುವ ಲಾರಿಗಳ ನಡುವೆ ಕಾಯತಾನ ತನ್ನ ಲಾರಿಯ ಗಾಜು ಒರೆಸುತ್ತಿದ್ದ. ಅಂದಾನೆಪ್ಪ ನೀರಿಗಿಳಿದದ್ದನ್ನು ಕಣ್ಣಾರೆ ಕಂಡವನು ಊರಿನಲ್ಲಿ ಅವನೊಬ್ಬನೇ.

"ಕಾಯತಾನ, ನಿನ್ನಿ ಸಂಗತಿ ಯಾರ ಮುಂದರ ಹೇಳಿಯೇನು?"

"ಇನ್ನೂ ಇಲ್ಲ ಸಾಯೇಬ್ರ. ಚಾದಂಗಡಿ ಈಗ ತೆರೀಲಿಕ್ಕ ಹತ್ತೈತಿ."

"ಹೇಳಬ್ಯಾಡೋ ಮಾರಾಯಾ! ನನ್ನ ಸಂಸಾರದ ಪ್ರಶ್ನೆ. ಮೇರಿಮ್ಮನ ಮ್ಯಾಲ ಆಣಿ ಮಾಡು."

ಕಾಯತಾನ ಲಾರಿಯೊಳಗಿನ ಮೇರಿಮಾತೆಯ ಪಟ ಮುಟ್ಟಿ ಆಣೆ ಮಾಡಿದ. ಅಂದಾನೆಪ್ಪ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಅವನಿಗೆ ಬೇರೆಯವರ ಮೇಲೆ ಸಂಶಯವಿಲ್ಲ, ತನ್ನ ಮೇಲೇ ಸಂಶಯ.

"ನೋಡು, ನನ್ನ ಬಾಯಿ ಗಟ್ಟಿ ಇಲ್ಲ. ನಾನ ಹೆದರಿ ಬಿಟ್ಟು, ನಿನ್ನ ಮುಂದ ಬಂದು ಹೇಳು ಅಂದ್ರೂ ನೀ ಹೇಳಬ್ಯಾಡ. ಕಾಲ ಹಿಡದ್ರೂ ಹೇಳಬ್ಯಾಡ."

"ಕಾಲ ಹಿಡದ್ರೂ?"

"ಕಾಲ ಹಿಡದ್ರೂ."

ಕಾಯತಾನ ಇನ್ನೊಮ್ಮೆ ಪಟ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಂದಾನೆಪ್ಪ ಸ್ವಲ್ಪ ಉಸಿರಾಡಿದ.

ಡಿಪೋದಲ್ಲಿ ಅಂದು ಲಿಲಾವು, ದಿಮ್ಮಿಗಳ ಹರಾಜು. ಹುಬ್ಬಳ್ಳಿ, ಬೆಳಗಾವಿಯ ವ್ಯಾಪಾರಸ್ಥರು ದಿಮ್ಮಿಗಳ ನಡುವೆ ಓಡಾಡುತ್ತಿದ್ದರು. ಅಂದಾನೆಪ್ಪ ಟವೆಲ್ಲಿನ ಸಂದಿನಿಂದ ನೋಡುತ್ತ ದಿಮ್ಮಿಯ ಅಳತೆ ಕೂಗುತ್ತಿದ್ದ. ಬಾಯಿ ಮುಚ್ಚಿ ಕೂಗಿದ್ದರಿಂದ ಒಬ್ಬರಿಗೂ ತಿಳಿಯಲಿಲ್ಲ. "ಅದನ್ನ ತಗೀರಿ!" ಎಂದು ಡಿಪೋದ ಸಾಹೇಬರು ಗದರಿಸಿದರು. ತೆಗೆದ. ಮುಂದೆ ನಿಂತಿದ್ದ ವ್ಯಾಪಾರಸ್ಥರು ಹಾವು ತುಳಿದವರ ಹಾಗೆ ಹಿಂದೆ ಸರಿದರು. ಒಬ್ಬ ದಿಮ್ಮಿ ಎಡವಿ ಅಂಗಾತ ಬಿದ್ದ.

"ಲಿಲಾವು ಕೆಡಿಸ್ತೀರೇನ್ರಿ? ಏ ಮಲಕಪ್ಪಾ! ಇವರನ್ನ ಮೊದಲ ಒಳಗ ಕರಕೊಂಡು ಹೋಗಿ ಏನರ ಮಾಡು!"

ಮಲಕಪ್ಪ ಡಿಪೋದ ವಾಚಮನ್. ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವುದರಲ್ಲಿ ಅವನ ಹೆಸರು ಮುಂಡಗೋಡದವರೆಗೆ ಹೋಗಿತ್ತು. ಅಂದಾನೆಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಹಿಡಿದು, ಕುರಿ ಕೊಳ್ಳುವವನ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಜಾತಿ ಸರ್ಪ ಐತ್ರಿ. ಮೈಮ್ಯಾಲ ಎಲ್ಲೆಲ್ಲೋ ನೋಡೇನಿ, ಮಾರಿಗೆ ಇಷ್ಟು ಗುಂಡಗ ಸುತ್ತಿದ್ದು ಇದ ಮೊದಲ. ಉರೀತೈತೇನು?"

"ಇಲ್ಲ."

"ಉರೀಲಾರದ್ದು ಭಾಳ ಕೆಟ್ಟದ್ದು."

ಮನೆಯಿಂದ ಕೆಮ್ಮಣ್ಣು ತರಲು ವೇಳೆಯಿರಲಿಲ್ಲ. ದಿಮ್ಮಿಗಳಿಗೆ ನಂಬರು ಬರೆಯುವ ಕೆಂಪು ಗೇರುಬಣ್ಣ ಅಲ್ಲೇ ಡಬ್ಬಿಯಲ್ಲಿತ್ತು. ಮಲಕಪ್ಪ ಅದೇ ಕುಂಚ ಅದ್ದಿ, ಬಾಯಲ್ಲಿ ಮಂತ್ರ ಮಣಮಣ ಹೇಳುತ್ತ, ಹಣೆಯ ಮೇಲೊಂದು ಹೆಡೆ, ಗದ್ದದ ಮೇಲೊಂದು ಬಾಲ, ಎರಡನ್ನೂ ಬೇರೆ ಮಾಡಲು ಮೂಗಿನ ಮೇಲೊಂದು ಅಡ್ಡಗೆರೆ ಎಳೆದ. ಕಿಟಕಿಯಲ್ಲಿ ಇಣುಕಿದ ವ್ಯಾಪಾರಸ್ಥನೊಬ್ಬ, "ಇದು ಯಾವ ಲಾಟಿಂದಪ್ಪಾ? ಸಾಗುವಾನಿನೋ, ಮತ್ತಿ ಮರಾನೋ?" ಎಂದ. ಇನ್ನೊಬ್ಬ, "ಬ್ಯಾಡ ಬಿಡೋ, ಒಳಗ ಪೊಳ್ಳ ಕಾಣತೈತಿ" ಎಂದ.

ಕುಂಚ ತೊಳೆಯುತ್ತ ಮಲಕಪ್ಪ ಕೇಳಿದ: "ಮನ್ಯಾಗ ಬಸುರಿ ಹೆಂಗಸು ಯಾರೂ ಇಲ್ಲಲ್ರೀ?"

ಅಂದಾನೆಪ್ಪ ಬೆಳಗಿನಿಂದ ಒಂದು ಸುಳ್ಳು ಹೇಳಿದ್ದ. ಎರಡನೆಯದಕ್ಕೆ ಅವನಲ್ಲಿ ಬಲವಿರಲಿಲ್ಲ. "ಅದಾಳ" ಎಂದ.

"ಯಾವಾಗಿಂದ?"

"ಇವತ್ತ ಮುಂಜಾನಿಂದ."

ಮಲಕಪ್ಪನ ಕೈಯಿಂದ ಕುಂಚ ಜಾರಿತು. "ಶಿವಶಿವಾ! ಬಸುರಿ ಕಣ್ಣು ಬಿದ್ರ ಸರ್ಪ ಕುರುಡ ಆಗತೈತ್ರಿ. ಕುರುಡ ಆದ ಸರ್ಪ ದಾರಿ ಕಾಣದ ಕುತ್ತಿಗಿಗೆ ಇಳೀತೈತಿ. ಅಕಿನ್ನ ಇವತ್ತ ಮನಿ ಬಿಡಸ್ರಿ. ಒಂದ ಸೂರಿನ ಕೆಳಗ ಇಬ್ರೂ ಇರಾಂಗಿಲ್ಲ!"

ಅಂದಾನೆಪ್ಪ ಸ್ಟೂಲಿನಿಂದ ಎದ್ದ. ಸಮುದ್ರವನ್ನು ಮುಚ್ಚಿಟ್ಟದ್ದೇ ಸತ್ತೆವ್ವ ಮನೆಯಲ್ಲಿರಲೆಂದು. ಈಗ ನೋಡಿದರೆ, ಇಲ್ಲದ ಸರ್ಪ ಅವಳನ್ನು ಹೊರಗೆ ಹಾಕುವುದಕ್ಕೆ ಹೊರಟಿತ್ತು. ಅವನು ಮನೆಗೆ ಓಡಿದ. ಮಲಕಪ್ಪನೂ ಗೇರಿನ ಡಬ್ಬಿ ಹಿಡಿದು ಬೆನ್ನು ಹತ್ತಿದ.

ಮನೆಯ ಕಟ್ಟೆಯ ಮೇಲೆ ಶಿವಗಂಗವ್ವ ಆಗಲೇ ಬಂದು ಎಲೆ ಅಡಿಕೆ ಹಾಕುತ್ತ ಕೂತಿದ್ದಳು. ಪಕ್ಕದಲ್ಲಿ ಸತ್ತೆವ್ವನ ಟ್ರಂಕು. ಸಕ್ಕುಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಅರ್ಧ ಓಣಿ ಅಲ್ಲಿತ್ತು.

"ಅಲ್ಲೇ ನಿಂದರೋ ಅಂದಾನಿ! ಕಟ್ಟಿ ಹತ್ತಬ್ಯಾಡ. ಒಳಗ ಕೂಸಿನ ತಾಯಿ ಅದಾಳ."

ಕದದ ಹಿಂದೆ ಬಳೆ ಸದ್ದಾಯಿತು. ಅಂದಾನೆಪ್ಪ ಅಂಗಳದಲ್ಲೇ ನಿಂತ. ಹಣೆಯ ಮೇಲಿನ ಹೆಡೆ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಸರ್ಪವೆಂದರೂ ಹೆಂಡತಿ ಹೋಗುತ್ತಾಳೆ, ಸಮುದ್ರವೆಂದರೂ ಹೋಗುತ್ತಾಳೆ. ಹೋಗುವುದೇ ಆದರೆ ನಿಜ ಹೇಳಿಯಾದರೂ ಹೋಗಲಿ ಎಂದು ಅವನು ಕಣ್ಣು ಮುಚ್ಚಿಕೊಂಡ.

"ಅತ್ತಿ, ಇದು ಸರ್ಪಸುತ್ತು ಅಲ್ಲ. ನಾ ಸಮುದ್ರದಾಗ ಮುಳುಗೇನಿ. ನಿನ್ನಿ, ಕಾರವಾರದಾಗ. ಬಸುರಿ ಗಂಡ ಮುಳುಗಬಾರದು ಅಂತ ಗೊತ್ತಿರಲಿಲ್ಲ. ತಪ್ಪಾತು."

ಶಿವಗಂಗವ್ವ ಎದ್ದು, ಅಂಗಳದ ಮೂಲೆಗೆ ಹೋಗಿ, ಎಲೆ ಅಡಿಕೆ ಉಗುಳಿ ಬಂದಳು.

"ಮುಳುಗಬಾರದು ಅಂತ ಯಾರು ಹೇಳಿದ್ರು?"

"ಸಕ್ಕುಬಾಯಿ."

"ಅಕಿ ಅರ್ಧಾ ಶಾಸ್ತ್ರ ಕಲ್ತಾಳ. ಗಿಡಾ ಕಡಿಯೋದು ಮೊದಲನೇ ದಿನದಿಂದ ಬ್ಯಾಡ. ಸಮುದ್ರ ಐದು ತಿಂಗಳ ತುಂಬಿದ ಮ್ಯಾಲ. ಅಲ್ಲೀತನಕ ನೀ ಹೊಳಿಯಾಗ ಮೊಸಳಿ ಮಗ್ಗಲಾಗ ಮಲಗಿದ್ರೂ ದೋಷ ಇಲ್ಲ."

ಅಂದಾನೆಪ್ಪ ಕಣ್ಣು ತೆರೆದ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ದಿಮ್ಮಿ ಉರುಳಿ ಹೋದ ಹಾಗಾಯಿತು. "ಹಂಗಾರ ಏನೂ ತೊಂದ್ರಿ ಇಲ್ಲ! ಅತ್ತಿ, ಟ್ರಂಕ್ ಒಳಗಿಡತೇನಿ!"

"ತಡಿ. ನೀ ಸಮುದ್ರದಾಗ ಇಳಿದಿ ಅಂತ ನಂಬವ್ರು ಯಾರು? ಸಣ್ಣವಿದ್ದಾಗ ನಿನಗ ಜಳಕಾ ಮಾಡಸಬೇಕಂದ್ರ ಇಬ್ರು ಹಿಡೀತಿದ್ವಿ. ತಲಿಗೆ ಒಂದ ತಂಬಿಗಿ ನೀರು ಬಿದ್ರ ಸತ್ತೆ ಸತ್ತೆ ಅಂತ ಓಣಿ ಕೂಡಸ್ತಿದ್ದಿ. ನೀರೊಳಗ ಉಸಿರ ಹೆಂಗ ಆಡಿದಿ?"

"ಬೆನ್ನಿಗೆ ಹವಾ ಕಟ್ಟಿದ್ರು."

"ಹವಾ ಕಟ್ಟಿದ್ರು!" ಸಕ್ಕುಬಾಯಿ ಗದ್ದಕ್ಕೆ ಬೆರಳಿಟ್ಟಳು. "ಎದರಿಂದ ಕಟ್ಟಿದ್ರು ಭಾವೋಜಿ, ಹಗ್ಗದಿಂದೇನು?"

"ಪಟ್ಟಾದಿಂದ. ಖರೇನ ಹೇಳತೇನಿ ಅತ್ತಿ! ಕೆಳಗ ಏನ ಚಂದ ಮೀನಾ ಅದಾವು! ಅರಿಸಿಣದಂಥಾ ಹ‌ಳದಿ ಮೈ, ಅದಕ್ಕ ನೀಲಿ ಪಟ್ಟಿ. ಇಳಕಲ್ ಸೆರಗಿನಂಥಾವು ಬ್ಯಾರೆ. ಒಂದಂತೂ ನವಿಲು ಬಿಚ್ಚಿದಂಗ ರೆಕ್ಕಿ ಬಿಚ್ಚತೈತಿ..."

"ಆಮ್ಯಾಲ?" ಕದದ ಹಿಂದಿನಿಂದ ಸಣ್ಣ ದನಿ ಕೇಳಿತು.

"ನೀ ಸುಮ್ಕಿರ ಒಳಗ!" ಶಿವಗಂಗವ್ವ ಗದರಿಸಿ, ಮಲಕಪ್ಪನ ಕಡೆ ತಿರುಗಿದಳು. "ಯಪ್ಪಾ, ವಿಷ ತಲಿಗೆ ಏರಿದ್ರ ಬಣ್ಣ ಬಣ್ಣದ್ದು ಕಾಣತೈತೇನು?"

"ಕಾಣತೈತ್ರಿ ಅವ್ವಾರ. ಮೊದಲ ಹಳದಿ, ಆಮ್ಯಾಲ ನೀಲಿ. ಹಸಿರು ಒಂದು ಕಾಣಬಾರದು. ಹಸಿರು ಕಂಡ್ರ ಕಠಿಣ."

ಎಲ್ಲರೂ ಅಂದಾನೆಪ್ಪನನ್ನು ನೋಡಿದರು. ಅವನು ನಿಂತಲ್ಲೇ ಕಾಲು ಬದಲಿಸಿದ. ಹೇಳಬಾರದೆಂದು ಅವನಿಗೂ ತಿಳಿದಿತ್ತು. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನುವುದು ಹೇಗೆ?

"ಹಸಿರೂ ಒಂದಿತ್ತು," ಎಂದ ಮೆಲ್ಲಗೆ. "ಅದಕ್ಕ ಗಿಳಿ ಕೊಕ್ಕು ಇತ್ತು. ಕಲ್ಲು ತಿಂತಿತ್ತು."

ಓಣಿಯ ಹೆಂಗಸರು ಒಟ್ಟಿಗೆ "ಅಯ್ಯಯ್ಯ" ಎಂದರು. ಮಲಕಪ್ಪ ಡಬ್ಬಿಯ ಮುಚ್ಚಳ ತೆಗೆದ.

"ಸಾಕ್ಷಿ ಐತಿ!" ಅಂದಾನೆಪ್ಪ ಕೂಗಿದ. "ಕಾಯತಾನ ನೋಡ್ಯಾನ! ಕಣ್ಣಾರೆ ನೋಡ್ಯಾನ! ತಡೀರಿ, ಕರಕೊಂಡು ಬರತೇನಿ!"

ಓಡಿಹೋಗಿ ಕಾಯತಾನನನ್ನು ಲಾರಿಯಿಂದ ಇಳಿಸಿ, ತೋಳು ಹಿಡಿದು ಎಳೆದುಕೊಂಡೇ ಬಂದ. ಅರ್ಧ ಉಂಡಿದ್ದ ಕಾಯತಾನನ ಕೈಯಲ್ಲಿ ಇನ್ನೂ ಅನ್ನ ಅಂಟಿಕೊಂಡಿತ್ತು.

"ಹೇಳೋ ಕಾಯತಾನ! ನಿನ್ನಿ ನಾ ಸಮುದ್ರದಾಗ ಇಳಿದ್ನೋ ಇಲ್ಲೋ?"

ಕಾಯತಾನ ಅವನ ಮುಖದ ಮೇಲಿನ ಹೆಡೆ ನೋಡಿದ, ಬಾಲ ನೋಡಿದ, ಟ್ರಂಕು ನೋಡಿದ, ಅತ್ತೆಯನ್ನು ನೋಡಿದ. ಸಂಸಾರದ ಪ್ರಶ್ನೆ ಎಂದದ್ದು ಇದೇ ಇರಬೇಕೆಂದು ಅವನಿಗೆ ಹೊಳೆಯಿತು.

"ಸಮುದ್ರ? ಇಲ್ಲಪ್ಪಾ. ಈ ಸಾಯೇಬ್ರು ದಂಡಿ ಮ್ಯಾಲೂ ಬರಲಿಲ್ಲ. ಲಾರಿಯಾಗ ಮಲಗಿದ್ರು."

"ಏ, ಈಗ ಹೇಳೋ! ಆಣಿ ಬಿಟ್ಟೇನಿ! ಬೇಕಾದ್ರ ಕಾಲ ಹಿಡೀತೇನಿ!" ಅಂದಾನೆಪ್ಪ ಖರೆಯೇ ಬಗ್ಗಿದ.

ಕಾಯತಾನನ ಕಣ್ಣಲ್ಲಿ ನೀರು ಬಂತು. ತನ್ನ ಗೆಳೆಯ ಇಷ್ಟು ಚೆನ್ನಾಗಿ ನಟಿಸಬಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ಬಗ್ಗಿ ಅಂದಾನೆಪ್ಪನ ಕಿವಿಯಲ್ಲಿ, "ಹೆದರಬ್ಯಾಡ್ರಿ ಸಾಯೇಬ್ರ, ಜೀವ ಹೋದ್ರೂ ಹೇಳಾಂಗಿಲ್ಲ" ಎಂದು ಪಿಸುಗುಟ್ಟಿ, ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದ.

ಆಮೇಲೆ ಅಂದಾನೆಪ್ಪನ ಮಾತು ಯಾರೂ ಕೇಳಲಿಲ್ಲ. ಅವನು ಗಾಜಿನ ಮುಸುಕು ಎಂದರೆ ಸಕ್ಕುಬಾಯಿ "ಹೌದ್ರಿ ಹೌದ್ರಿ" ಎನ್ನುತ್ತ ಬೇವಿನ ಎಲೆಯಿಂದ ಗಾಳಿ ಹಾಕಿದಳು. ಸಾಹೇಬರ ಸಹಿ ಎಂದರೆ ಮಲಕಪ್ಪ ಇನ್ನೊಂದು ಗೆರೆ ಎಳೆದ.

ಸಂಜೆಯ ಹಳಿಯಾಳ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು. ಕಿಟಕಿಯ ಹತ್ತಿರ ಶಿವಗಂಗವ್ವ, ಅವಳ ಪಕ್ಕದಲ್ಲಿ ಮೂಗಿನವರೆಗೆ ಸೆರಗು ಎಳೆದುಕೊಂಡ ಸತ್ತೆವ್ವ. ಸರ್ಪದ ಮೇಲೆ ಕಣ್ಣು ಬೀಳಬಾರದೆಂದು ಸೆರಗಿನ ಮೇಲೆ ತಾಯಿಯ ಕೈ. ಅಂದಾನೆಪ್ಪ ಕೆಳಗೆ ನಿಂತು ಟ್ರಂಕು ಮೇಲೇರಿಸುವುದನ್ನು ನೋಡುತ್ತಿದ್ದ. ಗೇರು, ಬೆವರು, ಕಣ್ಣೀರು ಒಂದಾಗಿ ಅವನ ಅಂಗಿಯ ಕಾಲರು ಕೆಂಪಾಗಿತ್ತು.

ಅವನ ಅವಸ್ಥೆ ನೋಡಿ ಶಿವಗಂಗವ್ವನಿಗೂ ಕರುಳು ಚುರುಕ್ಕೆಂದಿತು. ಎಷ್ಟೆಂದರೂ ಅಣ್ಣನ ಮಗ. ಕಿಟಕಿಯಿಂದ ಬಗ್ಗಿ ಅಂದಳು:

"ಅಂದಾನಿ, ಇಲ್ಲಿ ಕೇಳು. ಸರ್ಪದ ಚಿಂತಿ ನನಗಿಲ್ಲ, ಅದು ವಾರದಾಗ ಇಳೀತೈತಿ. ಇಳಿದ ಕೂಡಲೆ ಅಕಿನ್ನ ನಾನ ತಂದು ಬಿಡತೇನಿ. ಆದರ ತಲಿ ಕೆಟ್ಟವನ ಕೈಯಾಗ ಬಸುರಿ ಹುಡುಗೀನ್ನ ಹೆಂಗ ಕೊಡ್ಲಿ? ಒಂದ ಮಾತು ಹೇಳು, ಯಾವ ಮೀನಾನೂ ನೋಡಿಲ್ಲ ಅಂತ. ತಲಿ ನೆಟ್ಟಗೈತಿ ಅಂತ ತಿಳಕೋತೇನಿ. ಇಲ್ಲಂದ್ರ ಹೆರಿಗಿ ಆದ ಮ್ಯಾಲ ಬಾ."

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಂದರು. ಕಂಡಕ್ಟರ್ ಕೂಡ ಬಾಗಿಲಲ್ಲಿ ನಿಂತು ಕಾದ. ಅಂದಾನೆಪ್ಪ ಲೆಕ್ಕ ಹಾಕಿದ. ಒಂದೇ ಒಂದು ಸುಳ್ಳು. ಹೇಳಿದರೆ ಒಂದು ವಾರ, ಹೇಳದಿದ್ದರೆ ಹೆರಿಗೆಯವರೆಗೆ. ಅವನು ಹಳದಿ ಮೀನಿಗೆ ಮನಸ್ಸಿನಲ್ಲೇ ಕೈ ಮುಗಿದ.

"ನೋಡಿಲ್ಲ ಅತ್ತಿ," ಎಂದ. "ಯಾವ ಮೀನಾನೂ ನೋಡಿಲ್ಲ."

"ಶಾಣ್ಯಾ!" ಎಂದಳು ಶಿವಗಂಗವ್ವ. ಬಸ್ಸಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಅಂದಾನೆಪ್ಪ ಬೆಳಗಿನಿಂದ ಮೊದಲ ಸಲ ನಕ್ಕ. ಡ್ರೈವರ್ ಗಾಡಿ ಶುರು ಮಾಡಿದ.

ಆಗ ಸೆರಗಿನ ಒಳಗಿನಿಂದ ಸತ್ತೆವ್ವನ ದನಿ ಬಂತು, ಅತ್ತು ಅತ್ತು ಕಟ್ಟಿಕೊಂಡ ದನಿ.

"ಹಂಗಾರ... ಆ ಗಿಳಿ ಮೀನಾ ಸುಳ್ಳೇನ್ರಿ? ನಾ ಖರೇ ಅಂತ ತಿಳದಿದ್ದೆ."

ಇಡೀ ದಿನದಲ್ಲಿ ಒಂದೇ ಒಂದು ಜೀವ ಅವನನ್ನು ನಂಬಿತ್ತು, ಅದೂ ಕದದ ಹಿಂದೆ ನಿಂತು. ಬಸ್ಸು ಉರುಳಿತು. ಅಂದಾನೆಪ್ಪನ ಕಾಲುಗಳೂ ತಾವಾಗಿಯೇ ಉರುಳಿದವು.

"ಸುಳ್ಳಲ್ಲ ಸತ್ತೆವ್ವಾ! ಖರೇ! ಎಲ್ಲಾ ಖರೇ!" ಅವನು ಕಿಟಕಿಯ ಸರಳು ಹಿಡಿದು ಓಡುತ್ತ ಕೂಗಿದ. "ಹಸಿರ ಅಂದ್ರ ಹಸಿರ! ಕೊಕ್ಕು ಗುಲಾಬಿ! ಕಟಂ ಕಟಂ ಅಂತ ಕಲ್ಲ ಕಡೀತಿತ್ತು, ನಿಮ್ಮವ್ವ ಅಡಿಕಿ ಕಡದಂಗ! ಒಂದು ಹೂವಿನಂಥಾದ್ದು ಇತ್ತು, ಬೆರಳ ತೋರಿಸಿದ್ರ ನಾಚಿ ಒಳಗ ಹೋತು..."

ಶಿವಗಂಗವ್ವ ಹಣೆ ಬಡಿದುಕೊಂಡಳು. "ಏರೇತಿ! ವಿಷ ಹೊಳ್ಳಿ ತಲಿಗೇರೇತಿ! ಕಂಡಕ್ಟರಾ, ಜೋರಾಗಿ ಬಿಡಸೋ ಗಾಡಿ!" ಎಂದು ಕಿಟಕಿಯ ತಾಡಪತ್ರಿಯನ್ನು ಎಳೆದುಬಿಟ್ಟಳು. ತಾಡಪತ್ರಿಯ ಸಂದಿಯಿಂದ ಬಳೆ ತೊಟ್ಟ ಕೈಯೊಂದು ಹೊರಬಂದು, ಇನ್ನೂ ಹೇಳ್ರಿ, ಇನ್ನೂ ಹೇಳ್ರಿ ಎನ್ನುವ ಹಾಗೆ ಆಡಿತು. ಅಷ್ಟರಲ್ಲಿ ಯಾರೋ ಅದನ್ನೂ ಒಳಗೆಳೆದುಕೊಂಡರು.

ಧೂಳಿನ ನಡುವೆ ಅಂದಾನೆಪ್ಪ ಏದುಸಿರು ಬಿಡುತ್ತ ನಿಂತ. ನೀಲಿ ಪಟ್ಟಿಯ ಮೀನಿನ ಮಾತು ಇನ್ನೂ ಬಾಯಲ್ಲೇ ಉಳಿದಿತ್ತು. ಹಿಂದಿನಿಂದ ಸಕ್ಕುಬಾಯಿ ಬಂದು ಮೆಲ್ಲಗೆ ಅವನ ತೋಳು ಹಿಡಿದಳು.

"ಬರ್ರಿ ಭಾವೋಜಿ, ಮನೀಗೆ ಹೋಗೂಣು. ಮಲಕಪ್ಪ ಕಾಯಾಕ ಹತ್ಯಾನ. ಮಾರಿ ಮ್ಯಾಲ ಬರದದ್ದು ಸಾಕಾಗಲಿಲ್ಲಂತ. ಇನ್ನ ಮೈತುಂಬ ಬರೀತಾನಂತ."